ಒಂದೇ ನಾಣ್ಯ, ಹಲವು ಬೊಕ್ಕಸ

ರಾಜ್ಯದ ಸಪ್ತಾಂಗಗಳನ್ನು ಎಣಿಸುವಾಗ ನಮ್ಮ ಪ್ರಾಚೀನರು ಕೋಶಕ್ಕೂ ಒಂದು ಸ್ಥಾನವನ್ನು ಕೊಟ್ಟಿರುವರು. ನಾಣ್ಯದ ಮೇಲಣ ಮುದ್ರೆಯು ಆಳುವವನ ಅಧಿಕಾರಕ್ಕೆ ಸಾಕ್ಷಿಯೆಂಬುದೂ ಸುವಿದಿತವೇ. ಹೀಗಿರಲು, ಸ್ವತಂತ್ರ ರಾಷ್ಟ್ರಗಳು ತಮ್ಮ ನಾಣ್ಯಗಳನ್ನು ತಾವಾಗಿಯೇ ಬಿಟ್ಟು, ಎಲ್ಲರಿಗೂ ಸಾಧಾರಣವಾದ ಒಂದನ್ನು ಅಂಗೀಕರಿಸಿದರೆ ಏನಾದೀತು? ಯೂರೋಪು ಖಂಡದ ಚರಿತ್ರೆಯು ಇದಕ್ಕೆ ಉತ್ತರವನ್ನು ಹೇಳುತ್ತದೆ.

1865ನೆಯ ಇಸವಿಯ ಡಿಸೆಂಬರಿನಲ್ಲಿ ಫ್ರಾನ್ಸ್, ಬೆಲ್ಜಿಯಂ, ಇಟಲಿ, ಸ್ವಿಟ್ಜರ್ಲೆಂಡ್ ಎಂಬ ನಾಲ್ಕು ದೇಶಗಳು ತಮ್ಮ ಚಿನ್ನ ಬೆಳ್ಳಿಯ ನಾಣ್ಯಗಳಿಗೆ ಒಂದೇ ತೂಕವೂ ಒಂದೇ ಶುದ್ಧತೆಯೂ ಇರತಕ್ಕುದೆಂದು ಒಪ್ಪಂದ ಮಾಡಿಕೊಂಡವು. ಮುದ್ರೆ ಮಾತ್ರ ಅವರವರದೇ. ಇದಕ್ಕೆ ಲ್ಯಾಟಿನ್ ನಾಣ್ಯಸಂಘವೆಂದು ಹೆಸರಾಯಿತು. 1868ರಲ್ಲಿ ಗ್ರೀಸ್ ದೇಶವೂ ಸೇರಿತು. ಆದರೆ 1866ರಲ್ಲಿಯೇ ಆಸ್ಟ್ರಿಯದೊಡನೆ ಯುದ್ಧವೊದಗಲು, ಇಟಲಿಯು ಕಾಗದದ ಹಣಕ್ಕೆ ಪ್ರತಿಯಾಗಿ ಲೋಹವನ್ನು ಕೊಡುವುದನ್ನು ನಿಲ್ಲಿಸಿಬಿಟ್ಟಿತು. ಕಾಗದದ ಬೆಲೆ ಇಳಿದೊಡನೆ ಇಟಲಿಯ ಬೆಳ್ಳಿ ನಾಣ್ಯಗಳು ಗಡಿಯನ್ನು ದಾಟಿ ಫ್ರಾನ್ಸಿಗೆ ಹರಿದವು. ಒಬ್ಬನ ಖರ್ಚಿನ ತೊಂದರೆ ನೆರೆಯವನ ಪೆಟ್ಟಿಗೆಗೂ ತಟ್ಟಿತು. ಮುಂದೆ ಬೆಳ್ಳಿಯ ಬೆಲೆ ಕುಸಿದುದೂ, 1914ರ ಮಹಾಯುದ್ಧವೂ ಸಂಘವನ್ನು ಶಿಥಿಲಗೊಳಿಸಿದವು. 1927ರಲ್ಲಿ ಅದು ಕೊನೆಗಂಡಿತು.

ಎರಡನೆಯ ಪ್ರಯತ್ನವು ಇದಕ್ಕಿಂತ ಗಾಢವಾದುದು. 1992ರ ಮಾಸ್ಟ್ರಿಕ್ಟ್ ಒಡಂಬಡಿಕೆಯಂತೆ 1999ರ ಜನವರಿ 1ರಂದು 11 ದೇಶಗಳು ಯೂರೋ ಎಂಬ ಹಣವನ್ನು ಲೆಕ್ಕಪತ್ರಗಳಲ್ಲಿ ಅಂಗೀಕರಿಸಿದವು. 2002ರ ಜನವರಿ 1ರಂದು ಅದು 12 ದೇಶಗಳ ಜನರ ಕೈಗೆ ಬಂದಿತು. ಒಂದು ಯೂರೋವಿಗೆ 1.95583 ಮಾರ್ಕು, 1936.27 ಲೀರಾ, 340.75 ದ್ರಾಕ್ಮಾ ಎಂದು ದರಗಳು ನಿಶ್ಚಿತವಾದವು. ಜರ್ಮನರಿಗೆ ಇದು ಸಣ್ಣ ತ್ಯಾಗವಲ್ಲ. 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕು ತೆತ್ತ ಆ ಜನಕ್ಕೆ, 1948ರಲ್ಲಿ ಹುಟ್ಟಿದ ಹೊಸ ಮಾರ್ಕು ಸ್ಥಿರಜೀವನದ ಗುರುತೇ ಆಗಿದ್ದಿತು.

ಈ ಸಲ ಟಂಕಿಸುವ ಅಧಿಕಾರದ ಮೇಲೆ ಫ್ರಾಂಕ್‌ಫರ್ಟಿನ ಕೇಂದ್ರ ಬ್ಯಾಂಕಿನ ಹತೋಟಿಯಿದ್ದಿತು. ಆದರೆ ತೆರಿಗೆಯೂ ವೆಚ್ಚವೂ ಸಾಲವೂ ಆಯಾ ದೇಶದವೇ ಆಗಿ ಉಳಿದವು. ಇದರ ಫಲವನ್ನು ಗ್ರೀಸ್ ಅನುಭವಿಸಿತು. ಅದರ ಕೊರತೆಯು ಮೊದಲು ತಿಳಿಸಿದುದಕ್ಕಿಂತ ಬಹಳ ಹೆಚ್ಚೆಂದು 2009ರಲ್ಲಿ ಬಯಲಾಯಿತು. ಸ್ವಂತ ನಾಣ್ಯವಿದ್ದಿದ್ದರೆ ಅದರ ಬೆಲೆಯನ್ನು ಇಳಿಸಿ, ತನ್ನ ಸರಕುಗಳನ್ನು ಅಗ್ಗವಾಗಿ ಮಾರಿ ಸ್ವಲ್ಪ ಚೇತರಿಸಿಕೊಳ್ಳಬಹುದಾಗಿದ್ದಿತು. ಆ ದಾರಿ ಮುಚ್ಚಿದುದರಿಂದ, ನಾಣ್ಯದ ಬದಲು ಸಂಬಳಗಳೂ ವಿಶ್ರಾಂತಿವೇತನಗಳೂ ಇಳಿಯಬೇಕಾಯಿತು. 2010ರಲ್ಲಿ ದೊರೆತ 11,000 ಕೋಟಿ ಯೂರೋ ಸಾಲಕ್ಕೂ ಇದೇ ನಿಬಂಧನೆ. 2013ರಲ್ಲಿ ದುಡಿಯಬಲ್ಲ ನೂರು ಮಂದಿಯಲ್ಲಿ 27ಕ್ಕೂ ಹೆಚ್ಚು ಮಂದಿಗೆ ಕೆಲಸವಿರಲಿಲ್ಲ. 2015ರ ಬೇಸಗೆಯಲ್ಲಿ ಬ್ಯಾಂಕುಗಳು ಮುಚ್ಚಿ, ತಮ್ಮದೇ ಹಣದಲ್ಲಿ ದಿನಕ್ಕೆ 60 ಯೂರೋ ಮಾತ್ರ ಪಡೆಯಲು ವೃದ್ಧರು ಸಾಲುಗಟ್ಟಿ ನಿಂತರು.

ಆದರೂ ಗ್ರೀಸ್ ದೇಶವು ದ್ರಾಕ್ಮಾವಿಗೆ ಹಿಂದಿರುಗಲಿಲ್ಲ. ಹೊರಗೆ ಹೋಗುವ ಭಯವು ಒಳಗಿರುವ ಕಷ್ಟಕ್ಕಿಂತ ದೊಡ್ಡದಾಗಿ ತೋರಿತು. 2023ರಲ್ಲಿ ಕ್ರೊಯೇಷಿಯ, 2026ರಲ್ಲಿ ಬಲ್ಗೇರಿಯ ಸೇರಿ ಯೂರೋ ದೇಶಗಳ ಸಂಖ್ಯೆ 21 ಆಯಿತು.

ಪ್ರಾಚೀನ ಅಥೆನ್ಸಿನ ಬೆಳ್ಳಿ ನಾಣ್ಯದ ಗೂಬೆಯು ಇಂದು ಗ್ರೀಸಿನ ಒಂದು ಯೂರೋ ನಾಣ್ಯದ ಮೇಲೆ ಕುಳಿತಿದೆ. ಅಂದು ಅದು ಅಥೆನ್ಸಿನ ಸ್ವಾತಂತ್ರ್ಯದ ಚಿಹ್ನೆ. ಇಂದು ಅದರ ನೆನಪು. ನಾಣ್ಯವನ್ನು ಹಂಚಿಕೊಂಡವರು ಕಷ್ಟವನ್ನು ಹಂಚಿಕೊಳ್ಳುವ ಬಗೆಯನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕೆಂಬುದೇ ಈ ಎರಡು ಪ್ರಯತ್ನಗಳ ಪಾಠ.