ಇಂಟಿಗ್ರೇಸ್ ಪ್ರತಿಬಂಧಕಗಳು ಮತ್ತು ಬೋಟ್ಸ್ವಾನಾದ ಹೆರಿಗೆಗಳ ಎಣಿಕೆ

ಎಚ್‌ಐವಿಯ ಮೂರು ಕಿಣ್ವಗಳಲ್ಲಿ ಔಷಧಕ್ಕೆ ಕೊನೆಯಲ್ಲಿ ಮಣಿದದ್ದು ಇಂಟಿಗ್ರೇಸ್. ವೈರಾಣುವಿನ ಡಿಎನ್‌ಎಯನ್ನು ಮಾನವಕೋಶದ ಡಿಎನ್‌ಎಗೆ ಬೆಸೆಯುವುದು ಇದರ ಕಾರ್ಯ. ಆ ಬೆಸುಗೆಯನ್ನು ತಡೆಯುವ ಮೊದಲ ಔಷಧವಾದ ರಾಲ್ಟೆಗ್ರಾವಿರ್‌ಗೆ ಅಮೆರಿಕದಲ್ಲಿ 2007ರಲ್ಲಿ ಅನುಮತಿ ದೊರೆಯಿತು; ಜಿಡೊವುಡಿನ್ ಬಂದು ಅದಾಗಲೇ ಇಪ್ಪತ್ತು ವರ್ಷ ಸಂದಿದ್ದವು. 2013ರಲ್ಲಿ ಅನುಮತಿ ಪಡೆದ ಡೊಲುಟೆಗ್ರಾವಿರ್‌ಗೆ ವೈರಾಣು ಸುಲಭವಾಗಿ ಪ್ರತಿರೋಧ ಬೆಳೆಸಿಕೊಳ್ಳಲಾರದು.

ಇದನ್ನು 2016ರಲ್ಲಿ ಬೋಟ್ಸ್ವಾನಾ ತನ್ನ ರಾಷ್ಟ್ರೀಯ ಚಿಕಿತ್ಸೆಯ ಮೊದಲ ಆಯ್ಕೆಯಾಗಿ ಸ್ವೀಕರಿಸಿತು. ಅಲ್ಲಿನ ಹೆರಿಗೆಗಳನ್ನು ದಾಖಲಿಸುತ್ತಿದ್ದ ತ್ಸೆಪಾಮೊ ಅಧ್ಯಯನ 2018ರ ಮೇ ತಿಂಗಳಲ್ಲಿ ಆತಂಕವೊಂದನ್ನು ಮುಂದಿಟ್ಟಿತು: ಗರ್ಭಧಾರಣೆಯ ವೇಳೆಗೆ ಈ ಔಷಧ ಸೇವಿಸುತ್ತಿದ್ದವರ 426 ಹೆರಿಗೆಗಳಲ್ಲಿ ನಾಲ್ಕರಲ್ಲಿ ಶಿಶುವಿಗೆ ನರನಾಳದ ದೋಷವಿತ್ತು. ಹಲವು ದೇಶಗಳು ಹೆರುವ ವಯಸ್ಸಿನ ಸ್ತ್ರೀಯರಿಗೆ ಇದನ್ನು ತಡೆಹಿಡಿದವು. ಪುರುಷರಿಗೆ ಹೊಸ ಔಷಧ, ಸ್ತ್ರೀಯರಿಗೆ ಹಳೆಯದು! ಎಚ್ಚರಿಕೆ ನಿರಾಧಾರವಾಗಿರಲಿಲ್ಲ, ನಿಜ. ಆದರೆ ಗರ್ಭನಿರೋಧಕ ಬಳಸುತ್ತಿದ್ದವರನ್ನೂ, ಮಕ್ಕಳು ಬೇಡವೆಂದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದನ್ನು ಸಮರ್ಥಿಸಲಾಗದು. ಅದೇ ಜುಲೈನಲ್ಲಿ ಕಿಗಾಲಿಯಲ್ಲಿ ಸೇರಿದ ಆಫ್ರಿಕಾದ ಸೋಂಕಿತ ಮಹಿಳೆಯರು ನಿರ್ಧಾರ ತಮಗೇ ಸೇರಿದ್ದೆಂದು ಒತ್ತಾಯಿಸಿದರು.

2019ರಲ್ಲಿ ಎಣಿಕೆ 1,683 ಹೆರಿಗೆಗಳನ್ನು ಮುಟ್ಟಿದಾಗ ದೋಷದ ಪ್ರಕರಣಗಳು ಐದೇ ಆಗಿದ್ದವು. ಆ ವರ್ಷದ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರನ್ನೂ ಒಳಗೊಂಡು ಎಲ್ಲ ವಯಸ್ಕರಿಗೂ ಡೊಲುಟೆಗ್ರಾವಿರನ್ನು ಶಿಫಾರಸು ಮಾಡಿತು. 2022ರ ಲೆಕ್ಕದಲ್ಲಿ ಇತರ ಔಷಧಗಳಿಗೂ ಇದಕ್ಕೂ ಅಂತರವೇ ಉಳಿದಿರಲಿಲ್ಲ.