ಓಣಿಯ ರೋಹಿಣಿ, ರೋಲಿನ ರೋಹಿಣಿ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಕರ್ನಾಟಕದ ಗಡಿಗೆ ಅಂಟಿದ ತೆಲಂಗಾಣದ ಉಟ್ಕೂರು, ನಾರಾಯಣಪೇಟೆ, ಮಕ್ತಲ್ ಕಡೆ ಒಂದೇ ಹೆಸರು ಎರಡು ಅರ್ಥದಲ್ಲಿ ಓಡಾಡುತ್ತದೆ. ಮನೆಯೊಳಗೆ ಕನ್ನಡ ಆಡುವವರು ‘ರೋಹಿಣಿ ಮಳಿಯಾದ್ರ ಓಣಿಯೆಲ್ಲ ಜ್ವಾಳ’ ಅನ್ನುತ್ತಾರೆ. ಗೋಡೆಯಾಚೆಯ ತೆಲುಗು ಮನೆಯಲ್ಲಿ ‘ರೋಹಿಣಿ ಕಾರ್ತೆಲೋ ರೋಳ್ಳು ಪಗುಲುತಾಯಿ’ ಎಂಬ ಮಾತು. ಅಂದರೆ ಆ ಬಿಸಿಲಿಗೆ ಒರಳುಕಲ್ಲೂ ಸೀಳಿಬಿಡುತ್ತದೆ. ಒಬ್ಬರ ಬಾಯಲ್ಲಿ ರೋಹಿಣಿ ಮಳೆ, ಇನ್ನೊಬ್ಬರ ಬಾಯಲ್ಲಿ ರಣಬಿಸಿಲು. ಪಂಚಾಂಗ ಮಾತ್ರ ಇಬ್ಬರಿಗೂ ಒಂದೇ. ಮೇ 25ರ ಸುಮಾರಿಗೆ ರೋಹಿಣಿ ಹೊಕ್ಕ ಸೂರ್ಯ ಜೂನ್ 7-8ರ ಹೊತ್ತಿಗೆ ಮೃಗಶಿರಕ್ಕೆ ದಾಟುತ್ತಾನೆ.

ಯಾರ ಮಾತು ಸರಿ ಎಂದು ಕೇಳಿದರೆ ಇಬ್ಬರದೂ ಸರಿ. ಮುಂಗಾರು ಈ ಸೀಮೆಗೆ ಬರುವುದು ಸಾಮಾನ್ಯವಾಗಿ ಜೂನ್ ಮೊದಲ ವಾರ ಕಳೆಯುವಾಗ. ಅದಕ್ಕೆ ಮುಂಚಿನ ಆ ಹದಿಮೂರು ಹದಿನಾಲ್ಕು ದಿನ ಜೂಜಿನ ದಿನಗಳು. ಮಧ್ಯಾಹ್ನ ಬಂಡೆ ಸುಡುತ್ತದೆ, ಸಂಜೆ ಗುಡುಗು ಸಿಡಿಲಿನ ಒಂದು ಅಡ್ಡಮಳೆ ಬಿದ್ದರೂ ಬಿದ್ದೀತು. ಬಿದ್ದರೆ ಮಸಾರಿ ಹೊಲದವನು ಮುಂಗಾರಿ ಜೋಳಕ್ಕೆ ಕೂರಿಗೆ ಹೂಡುತ್ತಾನೆ. ಬೇಗ ಬಿತ್ತಿದ ಜೋಳಕ್ಕೆ ಸುಳಿ ನೊಣದ ಕಾಟ ಕಡಿಮೆ, ತಡವಾಗಿ ಬಿತ್ತಿದ್ದಕ್ಕೆ ಹೆಚ್ಚು. ಓಣಿಯೆಲ್ಲ ಜೋಳವಾಗುವುದರ ಹಿಂದೆ ಈ ಲೆಕ್ಕವೂ ಇದೆ. ಮಳೆ ಬೀಳದಿದ್ದರೆ ತೆಲುಗು ಗಾದೆಯ ಸರದಿ.

ಆದರೆ ಗಾದೆಗಳನ್ನು ಹವಾಮಾನ ಒಂದೇ ಕಟ್ಟಿದ್ದಲ್ಲ, ಸದ್ದೂ ಕಟ್ಟಿತು ಎಂಬುದು ನನ್ನ ಅನುಮಾನ. ಕನ್ನಡದಲ್ಲಿ ರೋಹಿಣಿಗೆ ಓಣಿ ತಾನಾಗಿ ಬಂದು ಒದಗುತ್ತದೆ. ಒರಳು ಒದಗುವುದಿಲ್ಲ. ‘ರೋಹಿಣಿಯಲ್ಲಿ ಒರಳು ಒಡೆಯಿತು’ ಅಂದು ನೋಡಿ, ಅದು ಗಾದೆಯಾಗುವುದಿಲ್ಲ, ದೂರಾಗುತ್ತದೆ. ತಮಾಷೆಯೆಂದರೆ ನಮ್ಮ ಒರಳೂ ತೆಲುಗಿನ ರೋಲೂ ಒಂದೇ ದ್ರಾವಿಡ ಮೂಲದವು. ತಮಿಳಿನಲ್ಲಿ ಅದು ಉರಲ್. ತೆಲುಗು ಎಂದೋ ಮೊದಲಿನ ಸ್ವರವನ್ನು ಒಳಕ್ಕೆ ತಳ್ಳಿ ರಕಾರವನ್ನು ಮುಂದಕ್ಕೆ ಎಳೆದುಕೊಂಡಿತು. ಹಾಗೆ ಎಳೆದುಕೊಂಡದ್ದಕ್ಕೇ ‘ರೋ’ಗೆ ‘ರೋ’ ಸಿಕ್ಕಿ ಕಲ್ಲು ಗಾದೆಯೊಳಗೆ ಬಂತು. ಇಲ್ಲದಿದ್ದರೆ ಪಾಪ, ಒರಳುಕಲ್ಲಿಗೂ ನಕ್ಷತ್ರಕ್ಕೂ ಏನು ಸಂಬಂಧ?

ಇನ್ನೊಂದು ವ್ಯತ್ಯಾಸ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸೂರ್ಯ ಒಂದು ನಕ್ಷತ್ರದಲ್ಲಿರುವ ಅವಧಿಗೆ ತೆಲುಗರು ಕಾರ್ತೆ ಎಂದು ಹೆಸರಿಟ್ಟರು, ನಾವು ಸೀದಾ ಮಳೆ ಎಂದೇ ಕರೆದೆವು. ಭರಣಿ ಮಳೆ, ಕೃತ್ತಿಕೆ ಮಳೆ, ರೋಹಿಣಿ ಮಳೆ, ಆರಿದ್ರಾ ಮಳೆ. ಹನಿ ಬೀಳಲಿ ಬಿಡಲಿ, ಆ ದಿನಗಳ ಹೆಸರೇ ಮಳೆ. ಹಾಗಾಗಿ ‘ರೋಹಿಣಿ ಮಳಿ ಈ ಸಲ ಆಗ್ಲೇ ಇಲ್ಲ’ ಎಂಬ ವಿಚಿತ್ರ ವಾಕ್ಯ ನಮ್ಮಲ್ಲಿ ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಬಾರದ ಮಳೆಗೂ ಹೆಸರಿದೆ, ದಿನವಿದೆ. ಗಡಿಯ ಕಟ್ಟೆಯ ಮೇಲೆ ಈ ಎರಡು ಲೆಕ್ಕ ಒಂದೇ ಮಾತಿನಲ್ಲಿ ಬೆರೆಯುತ್ತವೆ:

“ರೋಹಿಣಿ ಮಳಿ ಹ್ಯಾಂಗೋ ತಮ್ಮಾ?”

“ಎಲ್ಲಿ ಮಳಿ ಕಾಕಾ, ರೋಳ್ಳು ಪಗಿಲ್ಯಾವ.”

ತೆಲುಗಿನ ಪಗುಲುಗೆ ಕನ್ನಡದ ‘ಯಾವ’ ಅಂಟಿಕೊಂಡದ್ದು ಯಾವ ವ್ಯಾಕರಣದಲ್ಲೂ ಸಿಗಲಿಕ್ಕಿಲ್ಲ. ಈ ಬೆರಕೆ ಮಾತಿನ ನಡುವೆ ಗಡಿ ಬಿದ್ದದ್ದು ಆಮೇಲೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹರಿದು ಹಂಚಿಹೋದಾಗ ರಾಯಚೂರು ಕನ್ನಡದ ಕಡೆ ಬಂತು, ಅದರದೇ ಜಿಲ್ಲೆಯಲ್ಲಿದ್ದ ಗದ್ವಾಲ್ ತೆಲುಗಿನ ಕಡೆ ಹೋಯಿತು. ಮಕ್ತಲ್, ನಾರಾಯಣಪೇಟೆ ಮಹಬೂಬನಗರದಲ್ಲೇ ಉಳಿದವು. ನಾರಾಯಣಪೇಟೆ ತಾನೇ ಜಿಲ್ಲೆಯಾದದ್ದು 2019ರಲ್ಲಿ. ಮಳೆಯ ಹೆಸರುಗಳಿಗೆ ಯಾವ ಆಯೋಗವೂ ಕೈ ಹಚ್ಚಲಿಲ್ಲ.

ಇಷ್ಟೆಲ್ಲ ಹೆಸರೆತ್ತುವ ಆ ಹದಿಮೂರು ಹದಿನಾಲ್ಕು ದಿನ ರೋಹಿಣಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ! ಸೂರ್ಯ ಅದರ ಮಗ್ಗುಲಲ್ಲೇ ಇರುತ್ತಾನೆ, ಅವನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುತ್ತದೆ. ನೋಡಬೇಕೆಂದರೆ ಜೋಳದ ಹೊಲ ಕಾಯುವ ಚಳಿಗಾಲಕ್ಕೆ ಬರಬೇಕು. ಡಿಸೆಂಬರ್ ಮೊದಲಿಗೆ ಹೊತ್ತು ಮುಳುಗುವಾಗ ಮೂಡಣದಲ್ಲಿ ಮೂಡಿ ರಾತ್ರಿಯಿಡೀ ಇರುತ್ತದೆ. ಜನವರಿ ಆರಂಭದಲ್ಲಿ ರಾತ್ರಿ ಹತ್ತರ ಸುಮಾರಿಗೆ ಉಟ್ಕೂರಿನ ಬಯಲಲ್ಲಿ ನಿಂತರೆ ಅದು ನಿಮ್ಮ ನೆತ್ತಿಯ ಮೇಲೆಯೇ. ಇದು ಮಾತಿನ ಅಲಂಕಾರವಲ್ಲ. ಬಾನಿನಲ್ಲಿ ರೋಹಿಣಿ ಸಾಗುವ ಹಾದಿ ಸಮಭಾಜಕದಿಂದ ಉತ್ತರಕ್ಕೆ ಹದಿನಾರೂವರೆ ಡಿಗ್ರಿ, ಮಕ್ತಲ್ ಸೀಮೆಯ ಅಕ್ಷಾಂಶವೂ ಹೆಚ್ಚುಕಮ್ಮಿ ಅಷ್ಟೇ. ಬೆಂಗಳೂರಿನವರು ತುಸು ಬಡಗಣಕ್ಕೆ ಕತ್ತು ತಿರುಗಿಸಬೇಕಾಗುತ್ತದೆ.

ನೆತ್ತಿ ಮೇಲಿನ ಆ ಚುಕ್ಕಿ ಬಿಳಿಯಲ್ಲ. ಬೂದಿ ಮುಚ್ಚುವ ಮೊದಲಿನ ಕೆಂಡದ ಬಣ್ಣ. ಸಂಸ್ಕೃತದ ರೋಹಿಣಿ ಎಂದರೆ ಕೆಂಪನೆಯವಳು, ಕೆಂಪು ಹಸುವಿಗೂ ಆ ಹೆಸರಿದೆ. ಖಗೋಳದವರ ಭಾಷೆಯಲ್ಲಿ ಇದು ಕಿತ್ತಳೆ ದೈತ್ಯ. ಒಡಲಿನ ನಡುವಿನ ಹೈಡ್ರೋಜನ್ ಉರಿದು ಮುಗಿದ ಮೇಲೆ ಉಬ್ಬಿ ಸೂರ್ಯನ ಸುಮಾರು 45 ಪಟ್ಟು ಅಗಲವಾಗಿದೆ. ಹಿಗ್ಗಿದ ಮೈ ತಣಿಯುತ್ತದೆ. ಸೂರ್ಯನ ಮೇಲ್ಮೈ 5,500 ಡಿಗ್ರಿ ಸೆಲ್ಸಿಯಸ್ ಇದ್ದರೆ ಇದರದು 3,600ರ ಆಸುಪಾಸು. ಅಂದರೆ ಒರಳು ಒಡೆಯುವ ಬಿಸಿಲಿಗೆ ಹೆಸರು ಕೊಟ್ಟದ್ದು ಸೂರ್ಯನಿಗಿಂತ ತಣ್ಣನೆಯ ನಕ್ಷತ್ರ. ದೂರ ಸುಮಾರು 65 ಬೆಳಕಿನ ವರ್ಷ. ಈಗ ನಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ ಇಲ್ಲಿ ಆ ಗಡಿ ಎಳೆದು ಕೆಲವೇ ವರ್ಷವಾಗಿತ್ತು.

ರೋಹಿಣಿಯ ಸುತ್ತಲ ಸಣ್ಣ ಚುಕ್ಕಿಗಳನ್ನು ಸೇರಿಸಿ ಹಿಂದಿನವರು ಬಂಡಿ ಕಂಡರು: ರೋಹಿಣೀ ಶಕಟ. ಗ್ರಹವೊಂದು ಈ ಬಂಡಿಯನ್ನು ಸೀಳಿ ಹಾದರೆ ಲೋಕಕ್ಕೆ ಕೇಡು ಎಂದು ವರಾಹಮಿಹಿರ ಬರೆದ. ಅರಬರು ಅಲ್ ದಬರಾನ್, ಹಿಂಬಾಲಿಸುವವ ಎಂದರು, ಏಕೆಂದರೆ ಅದು ಕೃತ್ತಿಕೆಯ ಬೆನ್ನಿಗೆ ಏಳುತ್ತದೆ. ನಮ್ಮ ಮಳೆಗಳ ಸಾಲಿನಲ್ಲೂ ಅದೇ ಕ್ರಮ. ಚಂದ್ರನ 27 ಹೆಂಡಿರಲ್ಲಿ ಇವಳೇ ಮುದ್ದಿನವಳು ಎಂಬ ಕತೆಗೆ ಆಕಾಶದ ಸಾಕ್ಷಿಯೂ ಇದೆ. 2015ರಿಂದ 2018ರವರೆಗೆ ತಿಂಗಳು ತಿಂಗಳೂ ಚಂದ್ರ ಅವಳನ್ನು ಮರೆಮಾಡಿದ, ಪ್ರತಿ ಸಲವೂ ಭೂಮಿಯ ಬೇರೆ ಬೇರೆ ಭಾಗದವರಿಗೆ. ರೋಹಿಣಿ ಎಂದರೆ ಇನ್ನೂ ಎಷ್ಟೋ: ಕೃಷ್ಣ ಹುಟ್ಟಿದ ನಕ್ಷತ್ರ, ಬಲರಾಮನ ತಾಯಿ, ಮದುವೆಗೆ ಒಳ್ಳೆಯ ಮುಹೂರ್ತ, ಹೆಣ್ಣುಮಕ್ಕಳ ಹೆಸರು, ಕೊನೆಗೆ ರಾಕೆಟ್ಟು. 1980ರ ಜುಲೈ 18ರಂದು ಎಸ್‌ಎಲ್‌ವಿ-3 ಶ್ರೀಹರಿಕೋಟೆಯಿಂದ ಹೊತ್ತೊಯ್ದ ಉಪಗ್ರಹದ ಹೆಸರೂ ರೋಹಿಣಿಯೇ.

ಈಗ ಓಣಿಯಲ್ಲಿ ಜೋಳ ಕಡಿಮೆ. ಹೊಲಗಳಿಗೆ ಹತ್ತಿ ಬಂದಿದೆ, ತೊಗರಿ ಇದೆ, ನೀರಿದ್ದಲ್ಲಿ ಭತ್ತ. ಒರಳೂ ಹಿತ್ತಿಲ ಮೂಲೆ ಸೇರಿ, ಮಿಕ್ಸಿ ಅದರ ಕೆಲಸ ಹಿಡಿದಿದೆ. ಗಾದೆಗಳು ಮಾತ್ರ ತಮ್ಮ ಸಾಮಾನು ಕಳೆದುಕೊಂಡೂ ವರ್ಷಕ್ಕೊಮ್ಮೆ ಚಾವಡಿಗೆ ಬರುತ್ತವೆ. ಜೂನ್ 8ರ ಹೊತ್ತಿಗೆ ಮಿರ್ಗ ಕೂಡುತ್ತದೆ. ಮೃಗಶಿರದ ಮೊದಲ ದಿನ ಮೀನು ತಿನ್ನಬೇಕೆಂಬುದು ತೆಲಂಗಾಣದ ರೂಢಿ. ಅಂದು ಮೀನಿನ ಬೆಲೆ ಏರಿದ್ದಕ್ಕೆ ಗೊಣಗುವುದು ಕನ್ನಡದಲ್ಲೂ ನಡೆಯುತ್ತದೆ, ತೆಲುಗಿನಲ್ಲೂ.