ಹಾರಲರಿಯದ ಪತಂಗ

ರೇಷ್ಮೆಯನ್ನೀಯುವ ಪತಂಗವು ಇಂದು ಲೋಕದಲ್ಲಿ ಎಲ್ಲಿಯೂ ಸ್ವತಂತ್ರವಾಗಿ ಜೀವಿಸುತ್ತಿಲ್ಲ. ಸುಮಾರು 5000 ವರ್ಷಗಳ ಹಿಂದೆ ಚೀನಾದಲ್ಲಿ ಮನುಷ್ಯನು ಕಾಡುಪತಂಗವೊಂದನ್ನು ಮನೆಯೊಳಗೆ ತಂದು ಸಾಕತೊಡಗಿದನು. ಅದರ ಕಾಡಿನ ದಾಯಾದಿಗಳು ಪೂರ್ವ ಏಷ್ಯಾದಲ್ಲಿ ಈಗಲೂ ಹಾರಾಡುತ್ತವೆ. ಸಾಕಿದ ಜೀವಕ್ಕೆ ಮಾತ್ರ ರೆಕ್ಕೆಯಿದ್ದರೂ ಹಾರುವ ಶಕ್ತಿಯಿಲ್ಲ. ಪತಂಗವಾದ ಮೇಲೆ ಅದು ಆಹಾರವನ್ನೂ ಸೇವಿಸದು.

ಮೈಸೂರು ಸೀಮೆಯಲ್ಲಿ ಈ ಕೃಷಿಯು 18ನೆಯ ಶತಮಾನದ ಅಂತ್ಯದಲ್ಲಿ ಟಿಪ್ಪು ಸುಲ್ತಾನನಿಂದ ವಿಸ್ತಾರ ಪಡೆಯಿತು. ವರ್ಷಕ್ಕೆ ಹಲವು ಪೀಳಿಗೆ ಕಾಣುವ 'ಮೈಸೂರು ತಳಿ'ಯು ಇಲ್ಲಿನ ರೈತರ ಮನೆಮನೆಯಲ್ಲಿ ನೆಲೆಸಿತು. ಬೆಂಗಳೂರು ದಂಡಿನಿಂದ ಕೃಷ್ಣರಾಜಪುರವನ್ನು ದಾಟಿ ಹೊಸಕೋಟೆ, ವಿಜಯಪುರ, ಶಿಡ್ಲಘಟ್ಟಗಳವರೆಗಿನ ನಾಡು ರೇಷ್ಮೆಗೆ ಹೆಸರಾಯಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ರೋಗವು ಹುಳುಗಳನ್ನು ಕಾಡಿದಾಗ ಇಟಲಿಯ ಡಿ ವೆಕ್ಕಿಯು ಜಪಾನಿನಿಂದ ಮೊಟ್ಟೆಗಳನ್ನು ತರಿಸಿದನು. ಶತಮಾನದ ಕೊನೆಯಲ್ಲಿ ಜಮ್‌ಶೆಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ಮಾದರಿಯ ರೇಷ್ಮೆ ತೋಟವನ್ನು ಸ್ಥಾಪಿಸಿದರು. ಅನಂತರ ಅಧಿಕ ನೂಲು ಕೊಡುವ ಮಿಶ್ರತಳಿಗಳು ಪ್ರಸಾರಗೊಂಡವು. ಶುದ್ಧ ಮೈಸೂರು ತಳಿಯು ಬಹುತೇಕ ಮನೆಗಳಿಂದ ಮರೆಯಾಗಿ, ಮಾಗಡಿ, ಕುಣಿಗಲ್‌ಗಳಂತಹ ಬಿತ್ತನೆ ಪ್ರದೇಶಗಳಲ್ಲಿ ಮಿಶ್ರತಳಿಯ ತಾಯಿಯಾಗಿ ಉಳಿದಿದೆ.

ಪತಂಗವು ಗೂಡನ್ನು ಭೇದಿಸಿ ಹೊರಬಂದರೆ ಎಳೆಯು ತುಂಡಾಗುವುದು. ಆದುದರಿಂದ ಕೋಶಾವಸ್ಥೆಯಲ್ಲಿಯೇ ಅದನ್ನು ಬಿಸಿಯಿಂದ ಕೊಲ್ಲಲಾಗುತ್ತದೆ. ಒಂದು ಕಿಲೋ ನೂಲಿಗೆ ಇಂತಹ ಸಾವಿರಾರು ಜೀವಗಳು ಬೇಕು. ಬಿತ್ತನೆಗಾಗಿ ಹೊರಬರಲು ಬಿಟ್ಟ ತಾಯಿ ಪತಂಗಕ್ಕೂ ಅಭಯವಿಲ್ಲ. ಮೊಟ್ಟೆಯಿಟ್ಟ ಬಳಿಕ ಅದನ್ನು ಅರೆದು, ರೋಗಾಣುವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವರು. ಈ ಕ್ರಮವನ್ನು 1860ರ ದಶಕದಲ್ಲಿ ರೂಪಿಸಿದವನು ಲೂಯಿ ಪಾಶ್ಚರ್.

ಜೈನಶಾಸ್ತ್ರವು ಪತಂಗವನ್ನು ನಾಲ್ಕು ಇಂದ್ರಿಯಗಳುಳ್ಳ ಜೀವವೆಂದು ಗಣಿಸುತ್ತದೆ. ಗೃಹಸ್ಥನಿಗೆ ಉದ್ಯೋಗೀ ಹಿಂಸೆಯು ಸಂಪೂರ್ಣವಾಗಿ ತಪ್ಪದೆಂಬ ವಾದವುಂಟು. ರೇಷ್ಮೆಯನ್ನೇ ನಂಬಿದ ರೈತಕುಟುಂಬಗಳನ್ನು ನಿಂದಿಸುವುದೂ ಧರ್ಮವಲ್ಲ. ಆದರೆ ಕೊಳ್ಳುವವನಿಗೆ ಅಂತಹ ಅನಿವಾರ್ಯತೆ ಯಾವುದು? ಪತಂಗ ಹೊರಬಂದ ಮೇಲೆ ನೂಲು ತೆಗೆಯುವ 'ಅಹಿಂಸಾ ರೇಷ್ಮೆ'ಯೂ ಪ್ರಶ್ನಾತೀತವಲ್ಲ. ಒಂದೊಂದು ತಾಯಿಯಿಡುವ ನೂರಾರು ಮೊಟ್ಟೆಗಳಿಂದ ಹೊರಡುವ ಮರಿಗಳಿಗೆಲ್ಲ ಸೊಪ್ಪು ಒದಗಿಸುವವರಾರು?

ಪೂಜಾವಸ್ತ್ರಕ್ಕೆ ರೇಷ್ಮೆಯೇ ಶ್ರೇಷ್ಠವೆಂಬ ರೂಢಿಯನ್ನು ಬಸದಿಗಳ ಆಡಳಿತ ಮಂಡಳಿಗಳು ಈ ಬೆಳಕಿನಲ್ಲಿ ಪುನಃ ಪರಿಶೀಲಿಸುವುದು ಉಚಿತ. ಶುಚಿಯಾದ ಹತ್ತಿಯ ವಸ್ತ್ರದಿಂದ ಭಗವಂತನ ಅಭಿಷೇಕಕ್ಕೆ ಯಾವ ನ್ಯೂನತೆಯೂ ಬಾರದು. ಜೀವದಯೆಯನ್ನು ಸಾರುವ ಗರ್ಭಗೃಹದ ಹೊಸ್ತಿಲಲ್ಲಿ ಧರಿಸುವ ಬಟ್ಟೆಯೂ ಅದೇ ಉಪದೇಶಕ್ಕೆ ಅನುಗುಣವಾಗಿರಲಿ.